ಪುಟ್ಟ ಹೊಟ್ಟೆಯ ಲೆಕ್ಕ: ರಾಗಿ ಸರಿ ಹಿಂದಿನ ಇತಿಹಾಸ

ಊರಿಂದ ವಾಪಸ್ ಬರುವಾಗ ನಮ್ಮಲ್ಲಿ ಬಹಳ ಜನರ ಬ್ಯಾಗಲ್ಲಿ ಒಂದು ಡಬ್ಬಿ ಇರುತ್ತೆ: ಮಗುವಿಗೆ ಅಂತ ಅಮ್ಮ ಮೊಳಕೆ ಕಟ್ಟಿ, ಒಣಗಿಸಿ, ಬೀಸಿಸಿ ಕೊಟ್ಟ ರಾಗಿ ಸರಿ ಪುಡಿ. ಒಂದ್ಸಲ ಅದು ಮುಗಿದಾಗ ಇಲ್ಲಿ ಪುಣೆಯ ಅಂಗಡಿಯ ಸಾದಾ ರಾಗಿ ಹಿಟ್ಟಲ್ಲೇ ಮಾಡಿದೆ. ಅದೇ ಅಳತೆ, ಆದರೆ ಮುದ್ದೆ ಥರ ಗಟ್ಟಿಯಾಯ್ತು. ನೀರು ಬೆರೆಸಿದರೆ ಬಟ್ಟಲು ತುಂಬಾ ನೀರೇ. ಈ ಸಣ್ಣ ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳೋಕೆ ವಿಜ್ಞಾನಕ್ಕೆ ದಶಕಗಳೇ ಬೇಕಾದವು.

1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು. ಮೊದಲ ನಿರ್ದೇಶಕರು ವಿ. ಸುಬ್ರಹ್ಮಣ್ಯನ್. ಅಪೌಷ್ಟಿಕತೆ ಅಂದರೆ ಮುಖ್ಯವಾಗಿ ಪ್ರೋಟೀನ್ ಕೊರತೆ ಅಂತ ಆಗ ಜಗತ್ತೇ ನಂಬಿತ್ತು. ಹಾಲು ಎಲ್ಲರ ಕೈಗೆ ಎಟುಕದ ದೇಶ ನಮ್ಮದು. ಹಾಗಾಗಿ ಅವರು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು 75 ಭಾಗ, ಕಡಲೆ ಹಿಟ್ಟು 25 ಭಾಗ ಸೇರಿಸಿ, ವಿಟಮಿನ್, ಕ್ಯಾಲ್ಸಿಯಂ ಬೆರೆಸಿ ‘ಮಲ್ಟಿಪರ್ಪಸ್ ಫುಡ್’ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಕೇಳಿದ ಪ್ರಶ್ನೆ ಅರ್ಧ ಮಾತ್ರ ಸರಿ ಇತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ಮತ್ತು ಸಂಗಡಿಗರು ಬೇರೆ ಮಾತು ಹೇಳಿದರು: ಮಕ್ಕಳಿಗೆ ಒಟ್ಟು ಊಟವೇ ಸಾಲುತ್ತಿಲ್ಲ. ಕ್ಯಾಲೊರಿ ಕಡಿಮೆಯಾದಾಗ ದೇಹ ಪ್ರೋಟೀನನ್ನೂ ಸೌದೆ ಥರ ಉರಿಸಿಬಿಡುತ್ತೆ. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಪ್ರೋಟೀನ್ ಹಿಂದೆ ಓಡಿದ್ದೇ ದೊಡ್ಡ ಎಡವಟ್ಟು ಅಂತ ನೇರವಾಗಿ ಬರೆದರು.

ಸರಿ, ಜಾಸ್ತಿ ಊಟ ಕೊಡೋಣ. ಆದರೆ ವರ್ಷ ತುಂಬದ ಮಗುವಿನ ಹೊಟ್ಟೆ ಎಷ್ಟು ದೊಡ್ಡದು? ಬೇಯಿಸಿದ ಪಿಷ್ಟ ನೀರು ಹೀರಿ ಉಬ್ಬುತ್ತೆ. ಗಂಜಿ ತೆಳುವಾದರೆ ಹೊಟ್ಟೆ ತುಂಬುತ್ತೆ, ಶಕ್ತಿ ಸಿಗಲ್ಲ. ಇದಕ್ಕೆ ಉತ್ತರ ಮತ್ತೆ ಮೈಸೂರಿಂದಲೇ ಬಂತು. 1980ರ ಹೊತ್ತಿಗೆ ಸಿಎಫ್‌ಟಿಆರ್‌ಐನ ಎಚ್.ಎಸ್.ಆರ್. ದೇಶಿಕಾಚಾರ್, ಎನ್.ಜಿ. ಮಲ್ಲೇಶಿ ಮೊಳಕೆ ರಾಗಿ, ಹೆಸರುಕಾಳಿನ ಶಿಶು ಆಹಾರ ರೂಪಿಸಿದರು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟದ ಸರಪಳಿಯನ್ನು ಕತ್ತರಿಸುತ್ತೆ. ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತೆ, ಆದರೂ ಸರಿ ತೆಳುವಾಗೇ ಇರುತ್ತೆ. ಮೊಳಕೆ ಕಾಳನ್ನು ಜಾಸ್ತಿ ಹುರಿದರೆ ಮಾತ್ರ ಕಿಣ್ವ ಸತ್ತುಹೋಗುತ್ತೆ.

1996ರಲ್ಲಿ ಫ್ರಾನ್ಸಿನ ಆಂದ್ರೆ ಬ್ರಿಯಾಂ ಇದೇ ಸಮಸ್ಯೆಗೆ ಇನ್ನೊಂದು ದಾರಿ ಹಿಡಿದರು: ನೀರನ್ನೇ ತೆಗೆದುಹಾಕೋದು. ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ ಮತ್ತು ಖನಿಜಗಳು. 92 ಗ್ರಾಂ ಪೊಟ್ಟಣದಲ್ಲಿ 500 ಕ್ಯಾಲೊರಿ. ಅದೇ ಪ್ಲಂಪಿನಟ್. ಆಮೇಲೆ ಮಲಾವಿಯಂಥ ದೇಶಗಳು ಈ ಬಗೆಯ ಪೇಸ್ಟನ್ನು ತಮ್ಮಲ್ಲೇ ಬೆಳೆದ ಕಡಲೆಕಾಯಿಯಿಂದ ಮಾಡಿಕೊಂಡವು. ಆದರೆ ‘ನಮ್ಮೂರದ್ದು’ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಇರಬಹುದು. ಪರೀಕ್ಷೆ ಬೇಕೇ ಬೇಕು.

ಹಾಗಂತ ‘ಅಜ್ಜಿಗೆ ಎಲ್ಲಾ ಗೊತ್ತಿತ್ತು’ ಅಂತ ಮಾತು ಮುಗಿಸೋಕೆ ನಂಗೆ ಮನಸ್ಸಿಲ್ಲ. ತೀವ್ರ ಅಪೌಷ್ಟಿಕತೆ ಇರೋ ಮಗುವಿಗೆ ಸರಿ ಸಾಲಲ್ಲ, ವೈದ್ಯರ ನಿಗಾ ಬೇಕು. ಇನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸೋಕೆ ದಿನಗಟ್ಟಲೆ ಸಮಯ ಬೇಕು. ನಮ್ಮಮ್ಮನಿಗೆ ಅದಿತ್ತು. ಬೆಳಿಗ್ಗೆ ಆರಕ್ಕೇ ಕೂಲಿಗೆ ಹೊರಡೋ ತಾಯಿಗೆ ಇಲ್ಲ. ಸ್ಥಳೀಯ ಆಹಾರ ಅಂದಾಗ ನಾವು ರಾಗಿಯ ಬೆಲೆ ಮಾತ್ರ ಲೆಕ್ಕ ಹಾಕ್ತೀವಿ. ಆ ತಾಯಿಯ ಸಮಯದ ಬೆಲೆಯನ್ನೂ ಸೇರಿಸಿದ ದಿನ ಲೆಕ್ಕ ಸರಿಹೋಗುತ್ತೆ.