ಮಾಡ್ಯೂಲ್‌ಗಳ ಬಲವಂತದ ತೆರವು (ಲಿನಕ್ಸ್)

ಲಿನಕ್ಸ್ ಕರ್ನಲ್‌ನಲ್ಲಿ ಬಳಕೆಯಲ್ಲಿರುವ ಡ್ರೈವರ್ ಮಾಡ್ಯೂಲೊಂದನ್ನು, ಬಳಕೆ ಮುಗಿಯುವ ಮೊದಲೇ ಮೆಮೊರಿಯಿಂದ ತೆಗೆದುಹಾಕುವುದನ್ನು ಬಲವಂತದ ತೆರವು ಎನ್ನುತ್ತಾರೆ. ಇದು ಇಡೀ ಗಣಕವನ್ನೇ ಸ್ತಬ್ಧಗೊಳಿಸಬಲ್ಲ ಅಪಾಯಕಾರಿ ಕ್ರಿಯೆಯಾಗಿದೆ.

ಪ್ರತಿಯೊಂದು ಮಾಡ್ಯೂಲನ್ನು ಎಷ್ಟು ಕಡೆ ಬಳಸಲಾಗುತ್ತಿದೆ ಎಂಬ ಎಣಿಕೆಯನ್ನು ಕರ್ನಲ್ ಇಟ್ಟುಕೊಂಡಿರುತ್ತದೆ. ‘ಎಲ್‌ಎಸ್‌ಮಾಡ್’ ಆದೇಶವು ಇದನ್ನು ತೋರಿಸುತ್ತದೆ. ಎಣಿಕೆ ಸೊನ್ನೆಯಾಗದಿದ್ದರೆ, ಮಾಡ್ಯೂಲ್ ತೆಗೆಯುವ ‘ಆರ್‌ಎಂಮಾಡ್’ ಆದೇಶವನ್ನು ಕರ್ನಲ್ ನಿರಾಕರಿಸುತ್ತದೆ. ‘-ಎಫ್’ ಆಯ್ಕೆಯನ್ನು ಸೇರಿಸಿದಾಗ ಈ ಕಾವಲು ಸಡಿಲವಾಗುತ್ತದೆ. ಆದರೆ ಕರ್ನಲನ್ನು ಸಿದ್ಧಪಡಿಸುವಾಗಲೇ ಇದಕ್ಕೆ ಅವಕಾಶ ಕಲ್ಪಿಸಿರಬೇಕು.

ಮಾಡ್ಯೂಲಿದ್ದ ಜಾಗ ತೆರವಾದರೂ ಅದರ ವಿಳಾಸ ಕರ್ನಲಿನ ಬೇರೆ ಭಾಗಗಳಲ್ಲಿ ಉಳಿದಿರಬಹುದು. ಮನೆ ಕೆಡವಿದ ಮೇಲೂ ಹಳೆಯ ವಿಳಾಸ ಹಿಡಿದು ಅಂಚೆಯವನು ಬಂದಂತೆ, ಬಾಕಿಯಿದ್ದ ಟೈಮರ್ ಅಥವಾ ತೆರೆದಿಟ್ಟ ಕಡತವೊಂದು ಅಲ್ಲಿಲ್ಲದ ಕಾರ್ಯವನ್ನು ಕರೆಯುತ್ತದೆ. ಆಗ ‘ಊಪ್ಸ್’ ಎಂಬ ದೋಷಸಂದೇಶ ಬರಬಹುದು, ಇಲ್ಲವೇ ‘ಪ್ಯಾನಿಕ್’ ಉಂಟಾಗಿ ಗಣಕ ನಿಲ್ಲಬಹುದು. ಅದೇ ಜಾಗಕ್ಕೆ ಅಷ್ಟರಲ್ಲಿ ಬೇರೆ ದತ್ತಾಂಶ ಬಂದಿದ್ದರೆ ಹಾನಿ ಇನ್ನೂ ಕೆಟ್ಟದ್ದು, ಏಕೆಂದರೆ ಅದು ತಕ್ಷಣ ಗೋಚರಿಸದೆಯೂ ಇರಬಹುದು. ಕಡತ ವ್ಯವಸ್ಥೆಯ ಮಾಡ್ಯೂಲಾದರೆ ಡಿಸ್ಕಿಗೆ ಇನ್ನೂ ಬರೆಯದ ಮಾಹಿತಿ ನಷ್ಟವಾಗುವ ಸಂಭವವುಂಟು.

ಮಾಡ್ಯೂಲನ್ನು ಬಳಸುತ್ತಿರುವ ಪ್ರೋಗ್ರಾಮುಗಳನ್ನು ಮುಚ್ಚಿ, ಆರೋಹಿಸಿದ ಡಿಸ್ಕುಗಳನ್ನು ಇಳಿಸಿ, ಅನಂತರ ‘ಮಾಡ್‌ಪ್ರೋಬ್ -ಆರ್’ ಬಳಸುವುದು ಸರಿಯಾದ ಕ್ರಮ. ಎಣಿಕೆ ಆಗಲೂ ಇಳಿಯದಿದ್ದರೆ ಗಣಕವನ್ನು ಮರುಪ್ರಾರಂಭಿಸುವುದೇ ಕ್ಷೇಮ.

ಬಲವಂತದ ತೆರವು ನಡೆದೊಡನೆ ಕರ್ನಲ್ ತಾನು ‘ಕಳಂಕಿತ’ವೆಂದು ಗುರುತು ಮಾಡಿಕೊಳ್ಳುತ್ತದೆ. ಇದರ ಸಂಕೇತಾಕ್ಷರ ‘ಆರ್’, ಮೌಲ್ಯ 8. ಮರುಪ್ರಾರಂಭಿಸುವವರೆಗೆ ಈ ಗುರುತು ಅಳಿಯುವುದಿಲ್ಲ. ಇಂತಹ ಕರ್ನಲಿನಿಂದ ಬಂದ ದೋಷವರದಿಗಳನ್ನು ಅಭಿವೃದ್ಧಿಗಾರರು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ.