ಕೋವಿ, ಕಾಯಿ ಮತ್ತು ಸಂವೇಗ

ಒಂದು ಪ್ರಶ್ನೆಯಿಂದಲೇ ಆರಂಭಿಸೋಣ. ಒಬ್ಬ ಸ್ಪರ್ಧಿಯ ಕೈಯಲ್ಲಿ ಹಗುರವಾದ ಪಾಯಿಂಟ್ 22 ರೈಫಲ್ ಇದೆ. ಇನ್ನೊಬ್ಬರ ಹೆಗಲಿಗೆ 12 ಬೋರ್ ತೋಟಾ ಕೋವಿ ಒರಗಿದೆ. ಮೂರನೆಯವರ ಬಳಿ ಇರುವುದು ಏರ್‌ಗನ್. ಮೂವರೂ ಗುರಿಗೆ ಹೊಡೆದರು ಎನ್ನಿ. ಇವರಲ್ಲಿ ಗೆದ್ದವರು ಯಾರೆಂದು ನ್ಯಾಯವಾಗಿ ತೀರ್ಮಾನಿಸುವುದು ಹೇಗೆ? ಆಟದ ನಿಯಮ ಬರೆಯುವವರನ್ನು ಕಾಡಿದ ಈ ಪ್ರಶ್ನೆಗೆ ಉತ್ತರ ದೊರೆತದ್ದು ನೀವು ತರಗತಿಯಲ್ಲಿ ಕಲಿಯುವ, ಕಲಿಸುವ ಭೌತವಿಜ್ಞಾನದ ಒಂದು ಪಾಠದಲ್ಲಿ. ಆದರೆ ಸ್ಪರ್ಧೆ ನಡೆಯಬೇಕಾದರೆ ಮೊದಲು ಜನರ ಕೈಯಲ್ಲಿ ಕೋವಿ ಇರಬೇಕಷ್ಟೆ. ಅದು ಯಾರ ಕೈಯಲ್ಲಿ ಉಳಿಯಿತು, ಯಾರ ಕೈಯಿಂದ ಹೋಯಿತು ಎಂಬುದು ಇತಿಹಾಸದ ವಿಷಯ. ಆದ್ದರಿಂದ ಇತಿಹಾಸವನ್ನೇ ಮೊದಲು ನೋಡೋಣ.

ಒಂದು ಆಜ್ಞೆ, ಎರಡು ನಾಡು

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಇಂದು ಅಮರೇಶ್ವರ ಕ್ಷೇತ್ರಕ್ಕೆ ಹೋಗುವವರಿಗೆ ಪರಿಚಿತವಾದ ಊರು. ಹಿಂದೆ ಇದು ನಾಯಕ ಮನೆತನದ ಸಂಸ್ಥಾನವಾಗಿತ್ತು. ಹೈದರಾಬಾದಿನ ನಿಜಾಮರಿಗೆ ಕಪ್ಪ ಸಲ್ಲಿಸುತ್ತಿತ್ತು. ಕೃಷ್ಣೆಯ ಎರಡೂ ದಡಗಳ ಈ ಸೀಮೆ ಬೇಡ ನಾಯಕರ ನಾಡು. ಬೇಟೆ, ಕಾವಲು, ದಂಡಿನ ಚಾಕರಿ ಇಲ್ಲಿಯ ಬದುಕಿನ ಭಾಗವಾಗಿದ್ದವು. ಇಂಥ ನಾಡಿನಲ್ಲಿ ಗುರಿ ಹೊಡೆಯುವ ಪಂದ್ಯಗಳು ಊರೂರಿನ ಹಬ್ಬವಾಗಿ ಬೆಳೆಯಬೇಕಿತ್ತಲ್ಲವೇ? ಹಾಗೆ ಬೆಳೆಯದಿರಲು ಒಂದು ಮುಖ್ಯ ಕಾರಣ 1857ರ ನಂತರದ ನಿಶ್ಶಸ್ತ್ರೀಕರಣ.

ಆ ವರ್ಷ ಬ್ರಿಟಿಷರು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾನೂನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. 1857ರ ನವೆಂಬರ್‌ನಲ್ಲಿ ದಂಡು ಹಲಗಲಿಯನ್ನು ಮುತ್ತಿತು. ಅನೇಕರು ಹೋರಾಡಿ ಮಡಿದರು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಲಾವಣಿಯನ್ನು ಪಾಠ ಮಾಡಿದ ಕನ್ನಡ ಅಧ್ಯಾಪಕರಿಗೆ ಈ ಕಥೆ ಹೊಸದಲ್ಲ. 1858ರಲ್ಲಿ ಸುರಪುರದ ವೆಂಕಟಪ್ಪ ನಾಯಕನ ಬಂಡಾಯವೂ ಅಡಗಿತು. 1878ರ ಭಾರತೀಯ ಶಸ್ತ್ರಾಸ್ತ್ರ ಕಾಯಿದೆ ಬಂದ ಮೇಲೆ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದೇ ಅಪರಾಧವಾಯಿತು.

ಅದೇ ಕಾಲದಲ್ಲಿ ಕೊಡಗಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾನೂನಿನಿಂದ ಹೊರಗಿಟ್ಟರು. ಅವರ ನಿಷ್ಠೆಗೆ ಸಂದ ಮನ್ನಣೆ ಅದು. ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯಿದೆಯ ಅಡಿಯಲ್ಲೂ 1963ರ ಅಧಿಸೂಚನೆಯ ಮೂಲಕ ಈ ವಿನಾಯಿತಿ ಮುಂದುವರಿಯಿತು. ಕೊಡವರಿಗೂ, ಸೈನಿಕ ಸೇವೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಭೂಮಿ ಪಡೆದ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಜನಾಂಗ ಮತ್ತು ಭೂಮಿಯ ಆಧಾರದ ಮೇಲೆ ಹೀಗೆ ಭೇದ ಮಾಡುವುದು ಸರಿಯೇ ಎಂಬ ಪ್ರಶ್ನೆ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು.

ಹೀಗೆ ಒಂದು ನಾಡಿನಲ್ಲಿ ಕೋವಿ ಲಾವಣಿಯ ನೆನಪಾಯಿತು, ಇನ್ನೊಂದರಲ್ಲಿ ಮನೆಯ ಪೂಜೆಯ ವಸ್ತುವಾಗಿ ಉಳಿಯಿತು. ಇದಕ್ಕೆ ಜನರ ಶೌರ್ಯದಲ್ಲಿದ್ದ ಹೆಚ್ಚುಕಡಿಮೆ ಕಾರಣವಲ್ಲ. ಆಳುವವರ ಲೆಕ್ಕಾಚಾರ ಕಾರಣ.

ಕೈಲ್‌ಪೋದಿನ ಮೈದಾನ

ಕೊಡವ ಭಾಷೆಯಲ್ಲಿ 'ಕೈಲ್' ಎಂದರೆ ಆಯುಧ, 'ಪೋದ್' ಎಂದರೆ ಹಬ್ಬ. ಗದ್ದೆಯ ನಾಟಿ ಮುಗಿದ ಮೇಲೆ ಸೆಪ್ಟೆಂಬರ್‌ನಲ್ಲಿ ಬರುವ ಈ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ದೇವರ ಮುಂದಿಟ್ಟು, 'ತೋಕ್ ಪೂ'ವಿನಿಂದ ಸಿಂಗರಿಸುತ್ತಾರೆ. 'ತೋಕ್' ಎಂದರೆ ಕೋವಿ. ಆ ಹೂ ನಮ್ಮ ಅಗ್ನಿಶಿಖೆಯೇ. ಪೂಜೆ, ಊಟ ಮುಗಿದ ಮೇಲೆ ಊರವರು ಮೈದಾನದಲ್ಲಿ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಈಗ ಕ್ಲಬ್ಬುಗಳು, ಸಮಾಜಗಳು, ಯುವಕ ಸಂಘಗಳು ಇಂಥ ಸ್ಪರ್ಧೆ ಏರ್ಪಡಿಸುತ್ತವೆ. ಮಹಿಳೆಯರೂ ಗುರಿ ಹೊಡೆಯುತ್ತಾರೆ. ಪಾಯಿಂಟ್ 22, 12 ಬೋರ್, ಏರ್‌ಗನ್ ಎಂದು ವಿಭಾಗಗಳಿರುತ್ತವೆ. ಬಹು ಬಗೆಯ ಕೋವಿಗಳ ಕ್ಲಬ್ ಮಟ್ಟದ ಪಂದ್ಯಕ್ಕೆ ಕನ್ನಡ ನಾಡಿನ ಒಳ್ಳೆಯ ಉದಾಹರಣೆ ಇದು.

ಈ ವಿಭಾಗಗಳ ಹೆಸರುಗಳಲ್ಲೇ ಸ್ವಲ್ಪ ಗಣಿತ ಅಡಗಿದೆ. ಪಾಯಿಂಟ್ 22 ಎಂದರೆ ನಳಿಗೆಯ ವ್ಯಾಸ 0.22 ಅಂಗುಲ, ಅಂದರೆ ಸುಮಾರು 5.6 ಮಿ.ಮೀ. ಹಾಗಾದರೆ 12 ಬೋರ್ ಎಂದರೆ 12 ಅಂಗುಲವೇ? ಖಂಡಿತ ಅಲ್ಲ! ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಮಾಡಿದರೆ, ಆ ಗುಂಡು ಹಿಡಿಸುವ ನಳಿಗೆಯೇ 12 ಬೋರ್. ಲೆಕ್ಕ ಮಾಡಿ ನೋಡಿ. ಒಂದು ಪೌಂಡು 453.6 ಗ್ರಾಂ. 12ರಿಂದ ಭಾಗಿಸಿದರೆ 37.8 ಗ್ರಾಂ. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.34 ಗ್ರಾಂ. ಗೋಳದ ಘನ ಅಳತೆಯ ಸೂತ್ರ ಬಳಸಿದರೆ ವ್ಯಾಸ ಸುಮಾರು 18.5 ಮಿ.ಮೀ. ಎಂದು ಬರುತ್ತದೆ. ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದಾಗುವುದೇಕೆ ಎಂಬುದೂ ಈಗ ನಿಮಗೆ ಸ್ಪಷ್ಟವಾಗಿರಬೇಕು.

ಪಾಯಿಂಟ್ 22 ಗುಂಡಿನ ರಾಶಿ ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಇವುಗಳ ಗುಣಲಬ್ಧವಾದ ಸಂವೇಗ 0.86 ಕಿ.ಗ್ರಾಂ. ಮೀ/ಸೆ. 12 ಬೋರ್ ತೋಟೆಯ 32 ಗ್ರಾಂ ಚರೆ ಸೆಕೆಂಡಿಗೆ 370 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ 11.8 ಕಿ.ಗ್ರಾಂ. ಮೀ/ಸೆ.; ಹೆಚ್ಚುಕಡಿಮೆ 14 ಪಟ್ಟು. ಕೋವಿಯ ರಾಶಿ 3 ಕಿ.ಗ್ರಾಂ. ಎಂದುಕೊಂಡರೆ, ಸಂವೇಗ ಸಂರಕ್ಷಣಾ ನಿಯಮದ ಪ್ರಕಾರ ಅದು ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹೆಗಲನ್ನು ಹಿಂದಕ್ಕೊದೆಯುತ್ತದೆ. ಆದರೆ ಚರೆ ಹರಡಿಕೊಂಡು ಹೋಗುವುದರಿಂದ ಗುರಿ ತಾಗಿಸುವುದು ಸುಲಭ. ರೈಫಲ್ಲಿನಲ್ಲಿ ಒದೆತ ಕಡಿಮೆ, ಆದರೆ ಗುಂಡು ಒಂದೇ. ಅದು 50 ಮೀಟರ್ ಸಾಗಲು ಬೇಕಾದ 0.15 ಸೆಕೆಂಡಿನಲ್ಲಿ 11 ಸೆಂ.ಮೀ. ಕೆಳಕ್ಕೆ ಬೀಳುತ್ತದೆ. ಸುಲಿದ ತೆಂಗಿನಕಾಯಿಯ ಅಡ್ಡಳತೆಯೂ ಹೆಚ್ಚುಕಡಿಮೆ ಅಷ್ಟೇ! ಹೀಗೆ ಕಷ್ಟಗಳು ಬೇರೆ ಬೇರೆಯಾದ್ದರಿಂದ ವಿಭಾಗಗಳನ್ನೇ ಬೇರ್ಪಡಿಸುವುದು ಸರಳ ನ್ಯಾಯ.

ರಾಬಿನ್ಸನ ಲೋಲಕ

ಗುಂಡಿನ ವೇಗವನ್ನು ಅಳೆಯುವುದಾದರೂ ಹೇಗೆ? ಕಣ್ಣಿಗೆ ಕಾಣದ್ದನ್ನು ಅಳೆಯುವ ಉಪಾಯ ಹೇಳಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, 1742ರಲ್ಲಿ. ಭಾರವಾದ ಮರದ ದಿಮ್ಮಿಯನ್ನು ತೂಗುಬಿಟ್ಟು ಅದಕ್ಕೆ ಗುಂಡು ಹೊಡೆದ. ಗುಂಡು ದಿಮ್ಮಿಯೊಳಗೆ ಸಿಕ್ಕಿಕೊಂಡಾಗ ಎರಡೂ ಒಟ್ಟಿಗೆ ನಿಧಾನವಾಗಿ ತೂಗುತ್ತವೆ. ಆ ತೂಗುವಿಕೆಯನ್ನು ಅಳೆದರೆ ಗುಂಡಿನ ವೇಗ ತಿಳಿಯುತ್ತದೆ. ನಮ್ಮ ಪಾಯಿಂಟ್ 22 ಗುಂಡು 3 ಕಿ.ಗ್ರಾಂ. ದಿಮ್ಮಿಗೆ ಬಡಿದರೆ ದಿಮ್ಮಿಯ ವೇಗ ಸೆಕೆಂಡಿಗೆ 0.29 ಮೀಟರ್ ಮಾತ್ರ. ತೂಗುದಾರದ ಉದ್ದ ಒಂದು ಮೀಟರ್ ಇದ್ದರೆ ದಿಮ್ಮಿ ಸುಮಾರು 9 ಸೆಂ.ಮೀ. ಸರಿಯುತ್ತದೆ. ಅಡಿಕೋಲಿನಿಂದ ಅಳೆಯಬಹುದು!

ಗಾಳಿಯ ತಡೆ ಆಗಿನವರು ಊಹಿಸಿದ್ದಕ್ಕಿಂತ ಬಹಳ ಹೆಚ್ಚು ಎಂದು ರಾಬಿನ್ಸ್ ಈ ಲೋಲಕದಿಂದಲೇ ತೋರಿಸಿದ. ಅವನ ಪುಸ್ತಕವನ್ನು 1745ರಲ್ಲಿ ಆಯ್ಲರ್‌ನಂಥ ಗಣಿತಜ್ಞನೇ ಜರ್ಮನ್ ಭಾಷೆಗೆ ತಂದ. ರಾಬಿನ್ಸ್ ಕೊನೆಯುಸಿರೆಳೆದದ್ದು ನಮ್ಮ ನೆರೆಯಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದ ಅವನು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಸಂವೇಗವೇ ಅಳತೆಗೋಲು

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕ್ಲಬ್ಬುಗಳು ಇನ್ನೊಂದು ಹಾದಿ ಹಿಡಿದವು. ಒಬ್ಬನೇ ಸ್ಪರ್ಧಿ ಓಡುತ್ತ, ಅಡೆತಡೆ ದಾಟುತ್ತ, ಪಿಸ್ತೂಲು, ರೈಫಲ್, ಶಾಟ್‌ಗನ್ ಮೂರನ್ನೂ ಒಂದೇ ಪಂದ್ಯದಲ್ಲಿ ಬಳಸುವುದೇ ಮಲ್ಟಿ-ಗನ್ ಅಥವಾ ತ್ರೀ-ಗನ್ ಸ್ಪರ್ಧೆ. ಇದಕ್ಕೆ ತಳಹದಿಯಾದದ್ದು 'ಪ್ರಾಕ್ಟಿಕಲ್ ಶೂಟಿಂಗ್' ಆಟ. 1976ರಲ್ಲಿ ಅಮೆರಿಕದ ಕೊಲಂಬಿಯಾ ನಗರದಲ್ಲಿ ಜೆಫ್ ಕೂಪರ್ ಅಧ್ಯಕ್ಷತೆಯಲ್ಲಿ ಅದರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು.

ಹಗುರ ತೋಟೆ ಬಳಸಿದರೆ ಒದೆತ ಕಡಿಮೆ, ಬೇಗ ಬೇಗ ಹೊಡೆಯಬಹುದು. ಇದು ಅನ್ಯಾಯದ ಅನುಕೂಲವಾಗಬಾರದೆಂದು 'ಪವರ್ ಫ್ಯಾಕ್ಟರ್' ನಿಯಮ ತಂದರು. ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿ ಅಳೆದು, ಗುಣಿಸಿ, ಸಾವಿರದಿಂದ ಭಾಗಿಸುವುದು. ಹೆಸರಿನಲ್ಲಿ 'ಪವರ್' ಇದ್ದರೂ ಇದು ಸಾಮರ್ಥ್ಯವಲ್ಲ, ಶಕ್ತಿಯೂ ಅಲ್ಲ. ರಾಶಿ ಗುಣಿಸು ವೇಗ, ಅಂದರೆ ಶುದ್ಧ ಸಂವೇಗ! ಅಮೆರಿಕದ ನಿಯಮದಲ್ಲಿ ಪಿಸ್ತೂಲಿಗೆ ಕನಿಷ್ಠ ಮಟ್ಟ 125, ಮೇಲಿನ ಮಟ್ಟ 165. ನಮ್ಮ ಮಾನಗಳಲ್ಲಿ ಇವು 2.47 ಮತ್ತು 3.26 ಕಿ.ಗ್ರಾಂ. ಮೀ/ಸೆ. ಗಂಟೆಗೆ 57 ಕಿ.ಮೀ. ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನ ಸಂವೇಗವೂ ಮೊದಲನೆಯದರಷ್ಟೇ ಇರುತ್ತದೆ.

ಶಕ್ತಿಯನ್ನು ಬಿಟ್ಟು ಸಂವೇಗವನ್ನೇ ಆರಿಸಿದ್ದೇಕೆ? 8 ಗ್ರಾಂ ಗುಂಡು ಸೆಕೆಂಡಿಗೆ 320 ಮೀಟರ್, 9.5 ಗ್ರಾಂ ಗುಂಡು ಸೆಕೆಂಡಿಗೆ 270 ಮೀಟರ್ ವೇಗದಲ್ಲಿ ಹೋಗಲಿ. ಎರಡರ ಸಂವೇಗವೂ ಸುಮಾರು 2.56. ಆದರೆ ಚಲನಶಕ್ತಿ ಮೊದಲನೆಯದಕ್ಕೆ 410 ಜೂಲ್, ಎರಡನೆಯದಕ್ಕೆ 346 ಜೂಲ್. ಸ್ಪರ್ಧಿಯ ಕೈಗೆ ತಟ್ಟುವ ಒದೆತವನ್ನು ಮುಖ್ಯವಾಗಿ ನಿರ್ಧರಿಸುವುದು ಸಂವೇಗ. ನಿಯಮ ಅಳೆಯಬೇಕಾದದ್ದೂ ಅದನ್ನೇ. ಪಂದ್ಯದ ದಿನ ಸ್ಪರ್ಧಿಯ ತೋಟೆಗಳಿಂದ ಕೆಲವನ್ನು ತೆಗೆದುಕೊಂಡು ಪರೀಕ್ಷಿಸುತ್ತಾರೆ. ಲೋಲಕದ ಬದಲು ಈಗ ಎರಡು ಬೆಳಕಿನ ಸಂವೇದಕಗಳ ನಡುವೆ ಗುಂಡು ಹಾಯುವ ಕಾಲವನ್ನು ಅಳೆಯುತ್ತಾರೆ. ಮೇಲಿನ ಮಟ್ಟ ತಲುಪದಿದ್ದರೆ ಕೆಳಗಿನ ಮಟ್ಟದ ಅಂಕ. ಕನಿಷ್ಠ ಮಟ್ಟವನ್ನೂ ತಲುಪದಿದ್ದರೆ ಅಂಕವೇ ಇಲ್ಲ.

ಅಂಕಗಳ ಲೆಕ್ಕವೂ ಸೊಗಸಾಗಿದೆ. ಗುರಿಯ ನಡುಭಾಗಕ್ಕೆ 5 ಅಂಕ. ಅದರಾಚೆಯ ವಲಯಕ್ಕೆ ಮೇಲಿನ ಮಟ್ಟದವರಿಗೆ 4, ಕೆಳಗಿನ ಮಟ್ಟದವರಿಗೆ 3. ಒಟ್ಟು ಅಂಕವನ್ನು ಸೆಕೆಂಡುಗಳಿಂದ ಭಾಗಿಸಬೇಕು. ಎಂಟೂ ಗುಂಡು ನಡುಭಾಗಕ್ಕೆ ಹೊಡೆದವರು 10 ಸೆಕೆಂಡು ತೆಗೆದುಕೊಂಡರೆ 40 ಭಾಗಿಸು 10, ಅಂದರೆ 4. ಮೇಲಿನ ಮಟ್ಟದ ಇನ್ನೊಬ್ಬರು ಆರು ಗುಂಡು ನಡುಭಾಗಕ್ಕೆ, ಎರಡು ಹೊರವಲಯಕ್ಕೆ ಹೊಡೆದು 8 ಸೆಕೆಂಡಿನಲ್ಲಿ ಮುಗಿಸಿದರೆ 38 ಭಾಗಿಸು 8, ಅಂದರೆ 4.75. ಗೆದ್ದವರು ಎರಡನೆಯವರು! ಹಲವು ಮಲ್ಟಿ-ಗನ್ ಕ್ಲಬ್ಬುಗಳು ಇನ್ನೂ ಸರಳವಾಗಿ, ತಪ್ಪಿದ ಗುರಿಗೆ ದಂಡದ ಸೆಕೆಂಡುಗಳನ್ನು ಕೂಡಿಸುತ್ತವೆ.

ಕ್ಷಮೆಯಿಲ್ಲದ ನಿಯಮಗಳು

ಅಂಕದ ನಿಯಮಗಳಲ್ಲಿ ಚೌಕಾಸಿಗೆ ಎಡೆಯುಂಟು, ಸುರಕ್ಷತೆಯ ನಿಯಮಗಳಲ್ಲಿ ಇಲ್ಲ. ನಳಿಗೆ ಸದಾ ಗುರಿಯ ಕಡೆಯ ಅರ್ಧವೃತ್ತದೊಳಗೇ ಇರಬೇಕು. ಒಂದು ಕೋವಿಯನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುವಾಗ, ಇಟ್ಟದ್ದು ಖಾಲಿಯಾಗಿರಬೇಕು ಇಲ್ಲವೇ ಅದರ ಸುರಕ್ಷತಾ ಕೀಲಿ ಹಾಕಿರಬೇಕು. ಅರಿಯದೆ ಒಂದು ಈಡು ಹಾರಿದರೂ ಸ್ಪರ್ಧಿ ಅಲ್ಲಿಗೇ ಪಂದ್ಯದಿಂದ ಹೊರಗೆ. ಇದು ಅತಿಯೆನಿಸಬಹುದು. ಆದರೆ ಪುಟ್ಟ ಪಾಯಿಂಟ್ 22 ಗುಂಡು ಕೂಡ 1.5 ಕಿ.ಮೀ.ಗೂ ಮೀರಿ ಹೋಗಬಲ್ಲದು. ಕಾಯಿಯನ್ನು ತಪ್ಪಿಸಿಕೊಂಡ ಗುಂಡು ಮಾಯವಾಗುವುದಿಲ್ಲ, ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ. ಆದ್ದರಿಂದ ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು.

ನಮ್ಮಲ್ಲಿ 2019ರ ತಿದ್ದುಪಡಿಯ ನಂತರ ಪರವಾನಗಿದಾರರೊಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಕ್ರೀಡಾಪಟುಗಳಿಗೆ ಮಾತ್ರ ಪ್ರತ್ಯೇಕ ಅವಕಾಶವಿದೆ. ಹೀಗಾಗಿ ಅಮೆರಿಕದ ಮಾದರಿಯ ಪಂದ್ಯ ಇಲ್ಲಿಯ ಊರುಗಳಿಗೆ ಒಗ್ಗುವಂಥದ್ದಲ್ಲ. ಆದರೆ ಅದರ ಹಿಂದಿನ ಭೌತವಿಜ್ಞಾನಕ್ಕೆ ಪರವಾನಗಿ ಬೇಕಿಲ್ಲ. ಗುರುಗುಂಟಾದ ಶಾಲೆಯಲ್ಲೂ ಮಡಿಕೇರಿಯ ಕಾಲೇಜಿನಲ್ಲೂ ಅದು ಒಂದೇ. ಒಂದು ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಬಟ್ಟೆ ತುಂಬಿ, ನಾಲ್ಕು ದಾರಗಳಿಂದ ತೂಗುಬಿಡಿ. ತೆರೆದ ಬದಿಯಿಂದ ಟೆನಿಸ್ ಚೆಂಡನ್ನು ಅದರೊಳಕ್ಕೆ ಎಸೆಯಿರಿ. ಚೆಂಡು ಒಳಗೇ ಉಳಿದರೆ ಪೆಟ್ಟಿಗೆ ಎಷ್ಟು ಸರಿಯಿತೆಂದು ಅಳೆಯಿರಿ. ಚೆಂಡು ಮತ್ತು ಪೆಟ್ಟಿಗೆಯ ರಾಶಿ, ದಾರದ ಉದ್ದ ಗೊತ್ತಿದ್ದರೆ ಎಸೆತದ ವೇಗವನ್ನು ನೀವೇ ಕಂಡುಹಿಡಿಯಬಹುದು. ರಾಬಿನ್ಸ್ ಮಾಡಿದ್ದೂ ಇದನ್ನೇ. ತರಗತಿಯಲ್ಲಿ ಅತ್ಯಂತ ವೇಗವಾಗಿ ಎಸೆಯುವವರು ಯಾರೆಂಬ ಪಂದ್ಯವನ್ನೂ ಇಟ್ಟುಕೊಳ್ಳಿ. ನಿಯಮಗಳನ್ನು ಮಾತ್ರ ಮಕ್ಕಳೇ ಬರೆಯಲಿ, ಎಲ್ಲರಿಗೂ ಒಂದೇ ಆಗುವಂತೆ.