ಹೊಟ್ಟೆಯ ಬ್ಯಾಕ್ಟೀರಿಯಾ ಬದಲಿಸಿದರೆ ತೂಕ ಇಳಿಯುತ್ತದೆಯೇ? ಇಲಿಗಳು ಹೇಳಿದ್ದು, ಫಾರ್ವರ್ಡ್‌ಗಳು ಬಿಟ್ಟಿದ್ದು

“ನೀವು ದಪ್ಪಗಾಗಲು ಊಟ ಕಾರಣವಲ್ಲ, ಕರುಳಿನ ಕೆಟ್ಟ ಬ್ಯಾಕ್ಟೀರಿಯಾ ಕಾರಣ. ಮೂರು ದಿನ ಹೊಟ್ಟೆ ತೊಳೆಯಿರಿ, ಈ ಕ್ಯಾಪ್ಸೂಲ್ ನುಂಗಿ, ಶುಗರ್ ಮಾತ್ರೆ ಬಿಡಿ.” ಈ ಧಾಟಿಯ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಆಗಾಗ ಬರುತ್ತಿರುತ್ತವೆ. “ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದಿದ್ದಾರೆ” ಎಂಬ ಸಾಲು ಅವುಗಳಲ್ಲಿ ಇದ್ದೇ ಇರುತ್ತದೆ. ಸಂಶೋಧನೆ ನಡೆದಿರುವುದು ನಿಜ. ಆದರೆ ಅದು ಹೇಳಿದ್ದು ಬೇರೆ.

ಈ ಕ್ಷೇತ್ರದ ಪ್ರಮುಖ ಹೆಸರು ಜೆಫ್ರಿ ಗಾರ್ಡನ್. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿ. ಅವರ ತಂಡ ಒಂದೇ ಒಂದು ಬ್ಯಾಕ್ಟೀರಿಯಾವೂ ಇಲ್ಲದಂತೆ, ಶುದ್ಧ ಗಾಳಿಯ ಪೆಟ್ಟಿಗೆಗಳಲ್ಲಿ ಇಲಿಗಳನ್ನು ಸಾಕುತ್ತದೆ. ಇಂಥ ಇಲಿಗಳ ಮೈಯಲ್ಲಿ ಕೊಬ್ಬು ಕಡಿಮೆ. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇವುಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಕೊಟ್ಟಾಗ 14 ದಿನಗಳಲ್ಲಿ ಮೈಕೊಬ್ಬು ಸುಮಾರು ಶೇ. 60ರಷ್ಟು ಹೆಚ್ಚಿತು. ತಿಂದದ್ದು ಮೊದಲಿಗಿಂತ ಕಡಿಮೆ!

ಹೇಗೆ? ನಾವು ಜೀರ್ಣಿಸಿಕೊಳ್ಳಲಾಗದ ನಾರಿನಂಶವನ್ನು ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಆಗ ಹುಟ್ಟುವ ಸಣ್ಣ ಕೊಬ್ಬಿನಾಮ್ಲಗಳು ದೇಹಕ್ಕೆ ಇಂಧನವಾಗುತ್ತವೆ. ಜೊತೆಗೆ, ಕೊಬ್ಬು ಕೂಡಿಡುವುದಕ್ಕೆ ಕಡಿವಾಣ ಹಾಕುವ ಒಂದು ಪ್ರೋಟೀನನ್ನು ಕರುಳು ಕಡಿಮೆ ತಯಾರಿಸುವಂತೆಯೂ ಅವು ಮಾಡುತ್ತವೆ.

2013ರ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಒಬ್ಬಳು ದಪ್ಪ, ಇನ್ನೊಬ್ಬಳು ತೆಳ್ಳಗಿರುವ ಅವಳಿ ಸಹೋದರಿಯರ ಮಲದಿಂದ ಬ್ಯಾಕ್ಟೀರಿಯಾ ತೆಗೆದು ಇಲಿಗಳಿಗೆ ಕೊಟ್ಟರು. ದಪ್ಪಗಿದ್ದವಳ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಿತು. ಆಮೇಲೆ ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿಟ್ಟರು. ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ (ಅಸಹ್ಯವೆನಿಸಬಹುದು, ಪ್ರಯೋಗ ನಿಂತಿರುವುದೇ ಅದರ ಮೇಲೆ). ಹೀಗೆ “ತೆಳ್ಳಗಿನ” ಬ್ಯಾಕ್ಟೀರಿಯಾ ದಾಟಿಬಂದು, ದಪ್ಪಗಾಗಬೇಕಿದ್ದ ಇಲಿಗಳನ್ನು ತಡೆದವು. ಆದರೆ ಇದು ನಡೆದದ್ದು ಕೊಬ್ಬು ಕಡಿಮೆಯಿದ್ದು ನಾರು ಹೆಚ್ಚಿದ್ದ ಆಹಾರ ಕೊಟ್ಟಾಗ ಮಾತ್ರ. ಕೊಬ್ಬು ಹೆಚ್ಚು, ಹಣ್ಣು-ತರಕಾರಿ ಕಡಿಮೆ ಇರುವ ಆಹಾರ ಕೊಟ್ಟಾಗ ಆ ರಕ್ಷಣೆ ಸಿಗಲಿಲ್ಲ.

ಫಾರ್ವರ್ಡ್‌ಗಳು ನುಂಗಿಹಾಕುವ ಭಾಗ ಇದೇ. ಊಟ ಬದಲಾಗದೆ ಬ್ಯಾಕ್ಟೀರಿಯಾ ಒಂದೇ ಏನೂ ಮಾಡಲಿಲ್ಲ. ಮೇಲಾಗಿ, ಬ್ಯಾಕ್ಟೀರಿಯಾವೇ ಇಲ್ಲದ ಇಲಿಯ ಖಾಲಿ ಕರುಳು ಬೇರೆ, ಹುಟ್ಟಿದಾಗಿನಿಂದ ತುಂಬುತ್ತ ಬಂದ ನಮ್ಮ ಕರುಳು ಬೇರೆ. ತೆಳ್ಳಗಿನವರ ಮಲದ ಬ್ಯಾಕ್ಟೀರಿಯಾವನ್ನು ಕ್ಯಾಪ್ಸೂಲಿನಲ್ಲಿ ತುಂಬಿ ದಪ್ಪಗಿರುವವರಿಗೆ ಕೊಟ್ಟ, 2020ರಲ್ಲಿ ಪ್ರಕಟವಾದ ಅಮೆರಿಕದ ಸಣ್ಣ ಪ್ರಯೋಗಗಳಲ್ಲಿ ತೂಕ ಗಮನಾರ್ಹವಾಗಿ ಇಳಿಯಲಿಲ್ಲ.

ಹೊಟ್ಟೆ ತೊಳೆಯುವ ಮಾತೂ ಅಷ್ಟೇ. ಕೊಲೊನೊಸ್ಕೋಪಿಗೆಂದು ಕರುಳನ್ನು ಪೂರ್ತಿ ಖಾಲಿ ಮಾಡಿಕೊಂಡವರಲ್ಲೂ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹಳೆಯ ಬ್ಯಾಕ್ಟೀರಿಯಾಗಳೇ ಮರಳುತ್ತವೆ. ಮೊಸರು ಒಳ್ಳೆಯ ಆಹಾರ, ತಿನ್ನಿ. ಆದರೆ ಅದರ ಬ್ಯಾಕ್ಟೀರಿಯಾ ಬಹುಪಾಲು ಕರುಳಲ್ಲಿ ನೆಲೆಸದೆ ಹಾದುಹೋಗುತ್ತವೆ. ಶುಗರ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದಂತೂ ಅಪಾಯ.

ಹಾಗಾದರೆ ಈ ಸಂಶೋಧನೆಯಿಂದ ಯಾರಿಗೂ ಉಪಯೋಗವಾಗಿಲ್ಲವೇ? ಆಗಿದೆ, ದಪ್ಪಗಿರುವವರಿಗಲ್ಲ, ಸೊರಗಿದ ಮಕ್ಕಳಿಗೆ. ಅಪೌಷ್ಟಿಕತೆಯಿರುವ ಮಕ್ಕಳ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ವಯಸ್ಸಿಗೆ ತಕ್ಕಂತೆ ಬೆಳೆದಿರುವುದಿಲ್ಲ ಎಂದು ಗಾರ್ಡನ್ ತಂಡ ಗುರುತಿಸಿತು. ಢಾಕಾದ ಅಂತರರಾಷ್ಟ್ರೀಯ ಅತಿಸಾರ ರೋಗ ಸಂಶೋಧನಾ ಕೇಂದ್ರದ ತಹ್ಮೀದ್ ಅಹ್ಮದ್ ಅವರ ಜೊತೆ ಸೇರಿ, ಆ ಬ್ಯಾಕ್ಟೀರಿಯಾಗಳನ್ನೇ ಬೆಳೆಸುವ ಆಹಾರ ರೂಪಿಸಿತು. ಅದರಲ್ಲಿರುವ ಮುಖ್ಯ ವಸ್ತುಗಳು ಕಡಲೆ ಹಿಟ್ಟು, ಶೇಂಗಾ, ಸೋಯಾ ಮತ್ತು ಬಾಳೆಕಾಯಿ. ಢಾಕಾದ ಮೀರ್‌ಪುರ ಕೊಳೆಗೇರಿಯ 12ರಿಂದ 18 ತಿಂಗಳ ಮಕ್ಕಳಿಗೆ ಮೂರು ತಿಂಗಳು ಇದನ್ನು ಕೊಟ್ಟರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು: ಅಕ್ಕಿ-ಬೇಳೆಯ ರೂಢಿಯ ಪೂರಕ ಆಹಾರಕ್ಕಿಂತ ಕ್ಯಾಲೊರಿ ಕಡಿಮೆಯಿದ್ದರೂ, ಇದನ್ನು ತಿಂದ ಮಕ್ಕಳ ತೂಕ ಹೆಚ್ಚು ವೇಗವಾಗಿ ಏರಿತು.

ಇದನ್ನು ಓದಿ ಮನೆಯಲ್ಲೇ ಹಿಟ್ಟು ಕಲಸಿ ಮಗುವಿಗೆ ಚಿಕಿತ್ಸೆ ಮಾಡಲು ಹೊರಡಬೇಡಿ. ಅಲ್ಲಿ ಅಳತೆ, ಬೇಯಿಸುವ ವಿಧಾನ ಎಲ್ಲವೂ ನಿಗದಿಯಾಗಿತ್ತು, ಮಕ್ಕಳೂ ಮಧ್ಯಮ ಪ್ರಮಾಣದ ಅಪೌಷ್ಟಿಕತೆಯವರು. ಮಗು ತೀರಾ ಸೊರಗಿದ್ದರೆ ಅಂಗನವಾಡಿ ಕಾರ್ಯಕರ್ತೆಯ ಬಳಿ ತೂಕ, ತೋಳಿನ ಸುತ್ತಳತೆ ನೋಡಿಸಿ. ಅಗತ್ಯವಿದ್ದರೆ ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಅಲ್ಲಿಂದಲೇ ಕಳುಹಿಸುತ್ತಾರೆ.